ಹೊತ್ತು ತಂದವರ ವಿಶ್ವಾಸ



2025ರ ಫೆಬ್ರುವರಿ ತಿಂಗಳು. ಯಲಹಂಕದ ವಾಯುನೆಲೆಯಲ್ಲಿ ವಿಮಾನ ಪ್ರದರ್ಶನ ನಡೆಯುತ್ತಿದ್ದ ವಾರ. ಆ ದಿನಗಳಲ್ಲಿ ನಾನು ಪುಟ್ಟೇನಹಳ್ಳಿಯಲ್ಲಿ ಮನೆಭೇಟಿಗೆ ಹೊರಟಿದ್ದೆ. (ಜೆ.ಪಿ. ನಗರದ ಕಡೆಯ ಪುಟ್ಟೇನಹಳ್ಳಿಯಲ್ಲ, ಯಲಹಂಕದ ಹಕ್ಕಿಗಳ ಕೆರೆಯ ಪುಟ್ಟೇನಹಳ್ಳಿ. ಇದನ್ನು ಪ್ರತಿಸಲವೂ ಬಿಡಿಸಿ ಹೇಳಬೇಕಾಗುತ್ತದೆ.) ಯುದ್ಧವಿಮಾನಗಳು ತಲೆಯ ಮೇಲೆ ಹಾದುಹೋದಾಗಲೆಲ್ಲ ಕಿಟಕಿಯ ಗಾಜು ಅದುರುತ್ತಿತ್ತು. ಬೀದಿಯ ಮಕ್ಕಳೆಲ್ಲ ತಾರಸಿ ಹತ್ತಿ ಕೂಗಾಡುತ್ತಿದ್ದರು. ಒಂದು ಮನೆಯಲ್ಲಿ ಮಾತ್ರ ಒಂದು ಕೋಣೆಯ ಬಾಗಿಲು ಮುಚ್ಚಿತ್ತು.

"ಮಗ ಓದ್ಕೊಳ್ತಿದ್ದಾನೆ ಫಾದರ್, ಪಿಯುಸಿ ಪರೀಕ್ಷೆ ಹತ್ತಿರ ಬಂತಲ್ಲ" ಎಂದರು ತಾಯಿ. ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಸುಮ್ಮನಿರಲಿಲ್ಲ. "ಗುರುಗಳ ಮುಂದೆ ಸುಳ್ಳ್ಯಾಕೆ ಹೇಳ್ತೀಯಮ್ಮ? ಸ್ವಾಮಿ, ಮೂರು ವಾರ ಆಯ್ತು, ಮಗು ಹೊರಗೆ ಬಂದು ಒಂದು ತುತ್ತು ಸರಿಯಾಗಿ ತಿಂದಿಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಮೇಲೆ ಮೂವರೂ ಒಟ್ಟಿಗೆ ಮಾತನಾಡತೊಡಗಿದರು. ತಂದೆಗೆ ಎಲ್ಲಕ್ಕೂ ಮೊಬೈಲೇ ಕಾರಣ. ಅಜ್ಜಿಗೆ ಯಾರದೋ ಕೆಟ್ಟ ದೃಷ್ಟಿ. ತಾಯಿ ಐದು ಗುರುವಾರ ವಿವೇಕನಗರದ ಬಾಲಯೇಸುವಿನ ದೇವಾಲಯಕ್ಕೆ ನವೇನಾಕ್ಕೆ ಹೋಗಿ ಬಂದಿದ್ದರು. ಹುಡುಗ ಮೊದಲ ಎರಡು ವಾರ ಜೊತೆಗೆ ಹೋಗಿ, ಆಮೇಲೆ ಬರಲಾರೆನೆಂದನಂತೆ. ಬಲಿಪೂಜೆಗೂ ಬರುತ್ತಿರಲಿಲ್ಲ. "ಪೀಠಸೇವಕನಾಗಿದ್ದ ಹುಡುಗ ಫಾದರ್, ಅವನಿಗೆ ವಿಶ್ವಾಸವೇ ಹೋಗ್ಬಿಡ್ತಾ?" ಎಂಬುದು ತಾಯಿಯ ಪ್ರಶ್ನೆ.

ನಾನು ಬಾಗಿಲು ತಟ್ಟಿ ಹೊರಗೆ ಕುರ್ಚಿ ಹಾಕಿಕೊಂಡು ಕುಳಿತೆ. ಸುಮಾರು ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಹದಿನೇಳರ ಹುಡುಗ, ಸ್ನಾನ ಮಾಡಿ ಎಷ್ಟೋ ದಿನವಾದಂತಿದ್ದ. ಕೇಳಿದ್ದಕ್ಕೆಲ್ಲ ಹೂಂ, ಊಹೂಂ ಅಷ್ಟೇ. ನಾನು ಏಳುವ ಹೊತ್ತಿಗೆ ಅವನೇ ಕೇಳಿದ: "ಫಾದರ್, ಪ್ರಾರ್ಥನೆ ಮಾಡೋಕೆ ಆಗ್ತಿಲ್ಲ. ದೇವರಿದ್ದಾನೆ ಅಂತ ಗೊತ್ತು, ಆದ್ರೆ ಏನೂ ಅನ್ನಿಸಲ್ಲ. ಇದು ಪಾಪವಾ?"

ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ. ಅಲ್ಲಿ ಕೇಳಿದ್ದನ್ನು ಯಾವ ಗುರುವೂ ಎಲ್ಲಿಯೂ ಬರೆಯಲಾರ. ಆ ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಈ ಪ್ರಶ್ನೆ ಆ ಒಬ್ಬ ಹುಡುಗನದಲ್ಲ. ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇರುವುದು ಕಂಡುಬಂತು. ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ಅವರಲ್ಲಿ ಮೂವರು ಎಂದಾಯಿತು. ಅವರು ಯಾವ ಬೆಂಚಿನಲ್ಲಿದ್ದಾರೆಂದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ಹುಡುಗನ ಪ್ರಶ್ನೆಗೆ ನಾನು ಕೂಡಲೇ ಉತ್ತರ ಕೊಡಲಿಲ್ಲ. ಏಕೆಂದರೆ ಸುಮಾರು ಹದಿನೈದು ವರ್ಷಗಳ ಹಿಂದೆ ಇಂಥದೇ ಪ್ರಶ್ನೆಗೆ ಕೂಡಲೇ ಉತ್ತರ ಕೊಟ್ಟು ತಪ್ಪು ಮಾಡಿದ್ದೆ. ಆಗ ನಾನು ಬೇರೊಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಬಂದು, ರಾತ್ರಿ ನಿದ್ದೆ ಬರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದಳು. ನಾನು ದೇವರು ಕೊಟ್ಟ ವರಗಳನ್ನು ಎಣಿಸಿ ನೋಡು ಎಂದೆ, ದಿನಕ್ಕೊಂದು ಜಪಸರ ಮಾಡು ಎಂದೆ, ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ ಕಳುಹಿಸಿದೆ. ಐದು ನಿಮಿಷದ ಕೆಲಸ. ಕೆಲವು ತಿಂಗಳ ಮೇಲೆ ಅವಳು ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಆಸ್ಪತ್ರೆ ಸೇರಿದ್ದಾಳೆಂಬ ಸುದ್ದಿ ಬಂತು. ದೇವರ ದಯೆ, ಉಳಿದುಕೊಂಡಳು. ನೋಡಲು ಹೋದಾಗ ಅವಳು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ನೀವು ಹೇಳಿದ ಹಾಗೆ ಒಂದು ದಿನಾನೂ ಬಿಡದೆ ಜಪಸರ ಮಾಡ್ದೆ ಫಾದರ್. ಆದ್ರೂ ಸರಿಹೋಗಲಿಲ್ಲ. ದೇವರಿಗೇ ನಾನು ಬೇಡ ಅಂತ ತಿಳ್ಕೊಂಡೆ."

ಜಪಸರದಲ್ಲಿ ದೋಷವಿರಲಿಲ್ಲ. ಅದನ್ನು ಔಷಧದ ಚೀಟಿಯಂತೆ ಬರೆದುಕೊಟ್ಟ ನನ್ನಲ್ಲಿ ದೋಷವಿತ್ತು. ಪ್ರಾರ್ಥನೆಯಿಂದ ಗುಣವಾಗದಿದ್ದರೆ ಅದು ವಿಶ್ವಾಸದ ಕೊರತೆ ಎಂಬ ಲೆಕ್ಕವನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಆ ಮಗು ಆ ಲೆಕ್ಕವನ್ನೇ ಮಾಡಿಕೊಂಡಿತು. ನಮ್ಮ ಎಷ್ಟೋ ಮನೆಗಳಲ್ಲಿ, ಕೆಲವು ಪ್ರಾರ್ಥನಾಕೂಟಗಳಲ್ಲಿ ಈ ಲೆಕ್ಕ ಇನ್ನೂ ನಡೆಯುತ್ತಿದೆ. ವಂಶದ ಪಾಪ, ಶಾಪ, ಮಾಟ ಎಂದೆಲ್ಲ ಹದಿನೈದರ ಮಗುವಿನ ಮುಂದೆ ಆಡುತ್ತಾರೆ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಇದು ಯಾರ ಪಾಪದ ಫಲವೆಂದು ಕೇಳಿದಾಗ ಪ್ರಭು ಯೇಸು ಆ ಪ್ರಶ್ನೆಯನ್ನೇ ತಳ್ಳಿಹಾಕಿದ್ದನ್ನು ನಾವು ಪ್ರತಿ ತಪಸ್ಸುಕಾಲದಲ್ಲೂ ಪೀಠದಿಂದ ಪ್ರಬೋಧಿಸುತ್ತೇವೆ, ಮನೆಗೆ ಹೋಗಿ ಮರೆಯುತ್ತೇವೆ.

ಈಗ ಪ್ರಶ್ನೆಗೆ ಬರೋಣ. ಏನೂ ಅನ್ನಿಸದಿರುವುದು ಪಾಪವೇ?

ಮಾರಕ ಪಾಪಕ್ಕೆ ಮೂರು ಷರತ್ತುಗಳನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ: ವಿಷಯ ಗಂಭೀರವಾಗಿರಬೇಕು, ಪೂರ್ಣ ಅರಿವಿರಬೇಕು, ಪೂರ್ಣ ಸಮ್ಮತಿಯಿರಬೇಕು. ಮೊದಲೆರಡನ್ನು ನಾವು ಚೆನ್ನಾಗಿ ಕಲಿಸುತ್ತೇವೆ, ಮೂರನೆಯದರ ಮೇಲೆ ಓಡಿಹೋಗುತ್ತೇವೆ. ಸಮ್ಮತಿ ಕೊಡಬೇಕಾದದ್ದು ಮನುಷ್ಯನ ಇಚ್ಛಾಶಕ್ತಿ. ಅದು ಗಾಳಿಯಲ್ಲಿ ತೇಲುವ ವಸ್ತುವಲ್ಲ. ಈ ದೇಹ, ಈ ಮಿದುಳು, ಈ ನರಗಳ ಮೂಲಕವೇ ಅದು ಕೆಲಸ ಮಾಡಬೇಕು. 1992ರ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಭಯ, ಮಾನಸಿಕ ಅಸ್ವಸ್ಥತೆ ಮುಂತಾದವು ಮನುಷ್ಯನ ಹೊಣೆಗಾರಿಕೆಯನ್ನು ತಗ್ಗಿಸಬಲ್ಲವೆಂದು, ಕೆಲವೊಮ್ಮೆ ಇಲ್ಲವಾಗಿಸಬಲ್ಲವೆಂದು ಸ್ಪಷ್ಟವಾಗಿ ಕಲಿಸುತ್ತದೆ. ಬಾವಿಯಲ್ಲಿ ನೀರಿದೆ, ಸೇದುವ ಹಗ್ಗ ಹರಿದಿದೆ. ಕಟ್ಟೆಯ ಮೇಲೆ ನಿಂತವನಿಗೆ "ಇನ್ನೂ ಜೋರಾಗಿ ಸೇದು" ಎಂದು ಬೈದರೆ ಏನು ಪ್ರಯೋಜನ?

ಹಾಗೆಂದು ಎಲ್ಲ ಬೇಸರವೂ ಕಾಯಿಲೆಯಲ್ಲ. ಅಂಕ ಕಡಿಮೆ ಬಂದದ್ದಕ್ಕೆ, ಗೆಳೆಯ ಮಾತು ಬಿಟ್ಟದ್ದಕ್ಕೆ ಅಳುವುದು ಬೆಳೆಯುವ ವಯಸ್ಸಿನ ಸಹಜ ನೋವು. ನಾಲ್ಕು ದಿನದಲ್ಲಿ ಆರುತ್ತದೆ. ಸೋಮಾರಿತನವೂ ಇದೆ, ಅದಕ್ಕೆ ಬೈಗುಳವೇ ಮದ್ದು ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಎರಡು ವಾರ ಮೀರಿ, ದಿನದ ಬಹುಪಾಲು ಮನಸ್ಸು ಕುಸಿದೇ ಇದ್ದರೆ, ನಿದ್ದೆ ಊಟ ಕೆಟ್ಟರೆ, ಇಷ್ಟದ ಆಟವೂ ಬೇಡವಾದರೆ, "ನಾನು ಯಾರಿಗೂ ಬೇಡ" ಎಂಬ ಮಾತು ಬಂದರೆ ಅದನ್ನು ವೈದ್ಯರಿಗೆ ತೋರಿಸಬೇಕು. ಹದಿನಾರನೆಯ ಶತಮಾನದಲ್ಲೇ ಶಿಲುಬೆಯ ಸಂತ ಯೋಹಾನ್ನರು ಆತ್ಮಕ್ಕೆ ಬರುವ ಕತ್ತಲ ರಾತ್ರಿಯ ಬಗ್ಗೆ ಬರೆಯುವಾಗ, ಅದನ್ನು ವಿಷಣ್ಣತೆಯೆಂಬ ಕಾಯಿಲೆಯಿಂದ ಬೇರ್ಪಡಿಸಿ ನೋಡಬೇಕೆಂದು ಗುರುತುಗಳನ್ನು ಕೊಟ್ಟಿದ್ದಾರೆ. ಮಹಾ ಅನುಭಾವಿಯೇ ಅಷ್ಟು ಎಚ್ಚರ ವಹಿಸಿರುವಾಗ, ನಾವು ಕಂಡ ಕಂಡ ಮಕ್ಕಳಿಗೆಲ್ಲ "ದೇವರು ನಿನ್ನನ್ನು ಪರೀಕ್ಷಿಸುತ್ತಿದ್ದಾನೆ" ಎಂದು ಹೇಳಿಬಿಡುವುದು ಸರಿಯೇ?

ಪವಿತ್ರ ಗ್ರಂಥ ನಮಗಿಂತ ದೊಡ್ಡ ಮನಸ್ಸಿನದು. ಪ್ರವಾದಿ ಎಲೀಯನನ್ನು ನೋಡಿ. ಕರ್ಮೆಲ್ ಬೆಟ್ಟದ ಮೇಲೆ ಗೆದ್ದು ಬಂದವನು, ಮರುದಿನಗಳಲ್ಲೇ ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕುಸಿದು ನನಗೆ ಸಾವು ಬರಲಿ ಎಂದು ಬೇಡಿಕೊಂಡ. ದೂತ ಬಂದು ಮೊದಲು ಪ್ರಬೋಧನೆ ಮಾಡಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ; ಎಲೀಯ ತಿಂದು ಮತ್ತೆ ಮಲಗಿದ; ದೂತ ಮತ್ತೊಮ್ಮೆ ಬಂದು ಉಣ್ಣಿಸಿದ. ದೇವರ ಮಾತುಕತೆ ನಡೆದದ್ದು ಆಮೇಲೆ, ನಲವತ್ತು ದಿನ ಕಳೆದು, ಹೋರೇಬಿನಲ್ಲಿ. ಸಂತ ಥಾಮಸ್ ಅಕ್ವಿನಾಸರು ದುಃಖಕ್ಕೆ ಪರಿಹಾರಗಳನ್ನು ಹೇಳುವಾಗ ಅಳುವುದನ್ನೂ ಗೆಳೆಯರ ಮರುಕವನ್ನೂ ಸೇರಿಸಿ, ಕೊನೆಗೆ ನಿದ್ದೆ ಮತ್ತು ಸ್ನಾನವನ್ನೂ ಸೇರಿಸಿದ್ದಾರೆ. ಗುರುಮಠದಲ್ಲಿ ಇದನ್ನು ಓದಿದಾಗ ನಾವೆಲ್ಲ ನಕ್ಕಿದ್ದೆವು. ಈಗ ನಗು ಬರುವುದಿಲ್ಲ. ಆ ಹುಡುಗನ ಅಜ್ಜಿಗೆ ನಾನು ಮೊದಲು ಹೇಳಿದ್ದು, "ಅಮ್ಮಾ, ಅವನಿಗೆ ಬಿಸಿನೀರು ಕಾಯಿಸಿಕೊಡಿ" ಎಂದೇ.

ನಮ್ಮ ಮಕ್ಕಳಿಗೆ ಸಂತರ ಕಥೆ ಹೇಳುವಾಗ ನಾವು ಕೆಲವು ಪುಟಗಳನ್ನು ಹಾರಿಸಿಬಿಡುತ್ತೇವೆ. ಬಾಲಯೇಸುವಿನ ಸಂತ ತೆರೇಸಾ, ನಾವು ಪುಟ್ಟ ಹೂವು ಎಂದು ಪ್ರೀತಿಯಿಂದ ಕರೆಯುವ ಲಿಸಿಯುವಿನ ಹುಡುಗಿ, ನಾಲ್ಕು ವರ್ಷಕ್ಕೆ ತಾಯಿಯನ್ನು ಕಳೆದುಕೊಂಡಳು. ತಾಯಿಯಂತೆ ಸಾಕಿದ ಅಕ್ಕ 1882ರಲ್ಲಿ ಕಾನ್ವೆಂಟಿಗೆ ಹೊರಟುಹೋದ ಮೇಲೆ, 1883ರಲ್ಲಿ, ಹತ್ತು ವರ್ಷದವಳಿದ್ದಾಗ ವಿಚಿತ್ರ ಕಾಯಿಲೆ ಬಿದ್ದು ವಾರಗಟ್ಟಲೆ ನರಳಿದಳು. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಮಾಡಿದ ಸಣ್ಣಪುಟ್ಟದ್ದೆಲ್ಲ ಪಾಪವೆಂಬ ಭಯ ಹಿಡಿದು ಒಂದು ವರ್ಷಕ್ಕೂ ಹೆಚ್ಚು ಕಾಲ ನೆಮ್ಮದಿಯಿರಲಿಲ್ಲ. ಇನ್ನೂ ಒಂದು ಪುಟವಿದೆ. 1889ರಲ್ಲಿ, ಅವಳಿಗೆ ಹದಿನಾರು ತುಂಬಿದ ಸ್ವಲ್ಪ ದಿನಕ್ಕೆ, ತಂದೆ ಲೂಯಿ ಮಾರ್ತೆನ್‌ರನ್ನು ಕಾನ್ ಪಟ್ಟಣದ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿ ಅವರು ಮೂರು ವರ್ಷ ಇದ್ದರು. ಹೆಣ್ಣುಮಕ್ಕಳು ಕಾನ್ವೆಂಟಿಗೆ ಹೋದದ್ದರಿಂದಲೇ ತಂದೆಗೆ ಹೀಗಾಯಿತೆಂದು ಊರವರು ಆಡಿಕೊಂಡರು. ಆ ತಂದೆಯನ್ನು, ಅವರ ಪತ್ನಿ ಝೆಲಿಯವರ ಜೊತೆ, 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸರು ಸಂತರೆಂದು ಘೋಷಿಸಿದರು. ಮಾನಸಿಕ ಆಸ್ಪತ್ರೆಯ ರೋಗಿಯೊಬ್ಬರು ಇಂದು ನಮ್ಮ ಪೀಠದ ಮೇಲಿನ ಸಂತ. ಆ ಪೋಪರೇ ತಮ್ಮ ನಲವತ್ತೆರಡನೆಯ ವಯಸ್ಸಿನಲ್ಲಿ ಆರು ತಿಂಗಳು ಮನೋವಿಶ್ಲೇಷಕರೊಬ್ಬರ ಬಳಿ ಹೋಗುತ್ತಿದ್ದುದಾಗಿ 2017ರಲ್ಲಿ ಸಂಕೋಚವಿಲ್ಲದೆ ಹೇಳಿಕೊಂಡರು.

ನಮಗೆ ಮಾತ್ರ ಸಂಕೋಚ. ಬೆಂಗಳೂರಿನಲ್ಲಿ "ನಿಮ್ಹಾನ್ಸ್‌ಗೆ ಸೇರಿಸ್ಬೇಕು ನಿನ್ನ" ಎಂಬುದು ಬೈಗುಳ. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಗಿ, ಹಳೆಯ ಮೈಸೂರು ಸರ್ಕಾರದ ಆಸ್ಪತ್ರೆಯೊಂದಿಗೆ 1974ರಲ್ಲಿ ಸೇರಿ ನಿಮ್ಹಾನ್ಸ್ ಆಯಿತು. ದೇಶದ ಮೂಲೆಮೂಲೆಯಿಂದ ರೈಲು ಹತ್ತಿ ಜನ ಅಲ್ಲಿಗೆ ಬರುತ್ತಾರೆ. ಮಕ್ಕಳು ಮತ್ತು ಹದಿಹರೆಯದವರಿಗೇ ಅಲ್ಲಿ ಪ್ರತ್ಯೇಕ ವಿಭಾಗವಿದೆ. ಯಲಹಂಕದಲ್ಲಿರುವ ನಾವು ಹೆಬ್ಬಾಳ ದಾಟಿ ಹೊಸೂರು ರಸ್ತೆಗೆ ಹೋಗಲು, ಯಾರಾದರೂ ನೋಡಿಯಾರು, ನಾಳೆ ಮಗಳ ಮದುವೆಗೆ ತೊಂದರೆಯಾದೀತು ಎಂದು ಹಿಂಜರಿಯುತ್ತೇವೆ. ನಮ್ಮ ಬಿಷಪರ ಮಂಡಳಿ 1963ರಲ್ಲಿ ಸ್ಥಾಪಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲೂ ಮನೋವೈದ್ಯ ವಿಭಾಗವಿದೆ. ಅದೂ ಧರ್ಮಸಭೆಯ ಸೇವೆಯೇ ತಾನೇ? ಹಳೆಯ ಒಡಂಬಡಿಕೆಯ ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ಒಟ್ಟಿಗೆ ಓದಿ. ಕಾಯಿಲೆ ಬಿದ್ದವನು ಪ್ರಾರ್ಥಿಸಬೇಕು, ಜೊತೆಗೇ ವೈದ್ಯನಿಗೂ ಜಾಗ ಬಿಡಬೇಕು, ಅವನನ್ನೂ ಔಷಧವನ್ನೂ ಸೃಷ್ಟಿಸಿದವನು ದೇವರೇ ಎಂಬುದು ಅದರ ಸಾರ.

ಹೋಗಲು ಆಗದವರಿಗೆ ದೂರವಾಣಿಯಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ, ಹಣವಿಲ್ಲದೆ ಮಾತನಾಡಬಹುದು. ಇನ್ನೊಂದು ಭಯ ಪೊಲೀಸ್ ಕೇಸಿನದು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ. ಕೇಸಿಗೆ ಹೆದರಿ ಮಗುವನ್ನು ಮನೆಯಲ್ಲೇ ಮುಚ್ಚಿಡಬೇಡಿ. ಮಗುವಿನ ಮಾತಿನಲ್ಲಿ ಸಾವಿನ ಸುಳಿವು ಕಂಡರೆ ನೇರವಾಗಿ, ಮೆಲ್ಲಗೆ ಕೇಳಿ: "ಬದುಕೋದೇ ಬೇಡ ಅನ್ನಿಸ್ತಿದೆಯಾ ಮಗನೇ?" ಹಾಗೆ ಕೇಳಿದರೆ ಇಲ್ಲದ ಆಲೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬುದು ತಪ್ಪು ತಿಳುವಳಿಕೆ. ಹೌದೆಂದರೆ ಒಂಟಿಯಾಗಿ ಬಿಡಬೇಡಿ, ಅಂದೇ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ನಿಮ್ಮ ಗುರುಗಳನ್ನು ಮಧ್ಯರಾತ್ರಿಯಾದರೂ ಎಬ್ಬಿಸಿ. ಮಾತ್ರೆ ಶುರುವಾದ ಮೇಲೆ, ಹುಷಾರಾದಂತೆ ಕಂಡಿತೆಂದೋ, ಧ್ಯಾನಕೂಟದಲ್ಲಿ ಯಾರೋ ಹೇಳಿದರೆಂದೋ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

ಈ ರೀತಿ ಮಗುವನ್ನು ಕಳೆದುಕೊಂಡ ತಂದೆ ತಾಯಂದಿರೂ ಈ ಪುಟವನ್ನು ಓದುತ್ತಿರಬಹುದು. ಅವರಿಗೊಂದು ಮಾತು. ಹಿಂದೆ 1917ರ ಧರ್ಮಸಭಾ ಸಂಹಿತೆಯ ಕಾಲದಲ್ಲಿ ಇಂಥವರಿಗೆ ಧರ್ಮಸಭೆಯ ಅಂತ್ಯಸಂಸ್ಕಾರ ನಿರಾಕರಿಸಲಾಗುತ್ತಿತ್ತು. 1983ರ ಸಂಹಿತೆಯಲ್ಲಿ ಆ ನಿಷೇಧವಿಲ್ಲ. ಅವರ ನಿತ್ಯಜೀವದ ಬಗ್ಗೆ ನಿರಾಶರಾಗಬಾರದು, ದೇವರಿಗೆ ಮಾತ್ರ ತಿಳಿದಿರುವ ದಾರಿಗಳಿವೆ ಎಂಬುದೇ ಧರ್ಮಸಭೆಯ ಬೋಧನೆ, ಮತ್ತು ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ. ಬಲಿಪೂಜೆಯಲ್ಲಿ ಅವರ ಹೆಸರನ್ನು ಗಟ್ಟಿಯಾಗಿ ಹೇಳಿಸಿ.

ಪುಟ್ಟೇನಹಳ್ಳಿಯ ಆ ತಂದೆ ಬುದ್ಧಿವಂತ ಮನುಷ್ಯ. ನನ್ನ ಮಾತೆಲ್ಲ ಕೇಳಿ ಕೊನೆಗೆ ಒಂದು ಪ್ರಶ್ನೆ ಹಾಕಿದರು. "ಸರಿ ಫಾದರ್, ಗುಣ ಮಾಡೋದು ಡಾಕ್ಟ್ರು, ಮಾತ್ರೆ. ಹಾಗಾದ್ರೆ ವಿಶ್ವಾಸಕ್ಕೆ ಇಲ್ಲಿ ಏನು ಕೆಲಸ?"

ನ್ಯಾಯವಾದ ಪ್ರಶ್ನೆ. ನನಗೆ ತೋಚಿದ್ದನ್ನು ಹೇಳುತ್ತೇನೆ. ಕಾಯಿಲೆ ಸ್ವಾತಂತ್ರ್ಯವನ್ನು ಕುಗ್ಗಿಸುತ್ತದೆ, ಪೂರ್ತಿ ಅಳಿಸುವುದು ಅಪರೂಪ. ಉಳಿದ ಆ ಚೂರಿನಿಂದ ಮಗು ಮಾಡುವ ಕೆಲಸವನ್ನು ದೇವರು ಹೇಗೆ ತೂಗುತ್ತಾನೆ ಎಂಬುದಕ್ಕೆ ಬಡ ವಿಧವೆಯ ಎರಡು ಕಾಸು ನಮ್ಮ ಮುಂದಿದೆ. ಆರೋಗ್ಯವಂತನಾದ ನಾನು ಹೇಳುವ ಐವತ್ತಮೂರು ಮಣಿಯ ಜಪಸರಕ್ಕಿಂತ, ಹಾಸಿಗೆಯಿಂದ ಏಳಲಾಗದ ಹುಡುಗ ಗೋಡೆಗೆ ಮುಖ ಮಾಡಿ ಒಮ್ಮೆ "ಯೇಸುವೇ" ಎನ್ನುವುದು ದೊಡ್ಡ ಕಾಣಿಕೆಯಾಗಿರಬಹುದು. ಏನೂ ಅನ್ನಿಸದೆಯೂ ದೇವರಿದ್ದಾನೆ ಎನ್ನುವವನಲ್ಲಿ ವಿಶ್ವಾಸ ಹೋಗಿಲ್ಲ. ಅನ್ನಿಸುವುದು ಮಾತ್ರ ಹೋಗಿದೆ.

ಆ ಒಂದು ಮಾತೂ ಬಾರದ ದಿನಗಳಿರುತ್ತವೆ. ಆಗ? ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಮಂಚಸಹಿತ ಹೊತ್ತು, ಚಾವಣಿ ತೆಗೆದು ಇಳಿಸಿದ ಪ್ರಸಂಗವನ್ನು ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಓದಿ. ಪ್ರಭು ನೋಡಿದ್ದು ಹೊತ್ತು ತಂದವರ ವಿಶ್ವಾಸವನ್ನು. ಮಂಚದ ಮೇಲಿದ್ದವನು ಒಂದು ಮಾತೂ ಆಡಿದ್ದಾಗಿ ಬರೆದಿಲ್ಲ. ಅವನಿಗೆ ವಿಶ್ವಾಸವಿತ್ತೋ ಇಲ್ಲವೋ ಎಂದು ಪ್ರಭು ಪರೀಕ್ಷೆ ಮಾಡಲಿಲ್ಲ. "ಫಾದರ್, ನಿಮ್ಮ ಮಗನಿಗೆ ವಿಶ್ವಾಸ ಇದೆಯಾ ಅಂತ ನನ್ನ ಕೇಳಬೇಡಿ, ನಿಮಗಿದೆಯಾ, ಅವನನ್ನ ಹೊರೋಕೆ ತಯಾರಿದ್ದೀರಾ ಅಂತ ಕೇಳ್ತೀನಿ" ಎಂದು ನಾನು ಹೇಳಬೇಕಿತ್ತು. ಹೇಳಿದ್ದು ತೊದಲುತ್ತಾ, ಅರ್ಧಂಬರ್ಧ. ಹೊರುವುದೆಂದರೆ ಸಂಬಳ ಕಡಿತವಾದರೂ ರಜೆ ಹಾಕಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು. ಅವನ ಬದಲು ನೀವು ಪ್ರಾರ್ಥಿಸುವುದು, ಅವನನ್ನು ಪ್ರಾರ್ಥಿಸು ಎಂದು ಪೀಡಿಸದಿರುವುದು. ಚಾವಣಿಯೂ ಸ್ವಲ್ಪ ಹಾಳಾಗುತ್ತದೆ: ನೆಂಟರ ಮಾತು, ಮನೆಯ ಮಾನ, ಈ ವರ್ಷದ ಪರೀಕ್ಷೆ.

ಈ ಪುಟವನ್ನು ಓದುತ್ತಿರುವ ಮಗುವೇ, ನಿನಗೂ ಹೀಗೇ ಆಗುತ್ತಿದ್ದರೆ, ಒಬ್ಬ ದೊಡ್ಡವರಿಗೆ ಹೇಳು. ಅವರು ಬೈದರೆ ಇನ್ನೊಬ್ಬರಿಗೆ ಹೇಳು. ಹದಿನೈದು ವರ್ಷದ ಹಿಂದಿನ ನನ್ನಂಥ ಗುರು ಸಿಕ್ಕರೆ ಮೂರನೆಯವರಿಗೆ ಹೇಳು. ಅಥವಾ ಈಗಲೇ 14416ಕ್ಕೆ ಕರೆ ಮಾಡು.

ಆ ಹುಡುಗನನ್ನು ಮನೆಯವರು ಮರುವಾರವೇ ವೈದ್ಯರ ಬಳಿ ಕರೆದೊಯ್ದರು. ಮಾರ್ಚ್ ತಿಂಗಳ ಪರೀಕ್ಷೆಗೆ ಅವನು ಕೂರಲಿಲ್ಲ. ತಂದೆಗೆ ಅದು ನುಂಗಲಾರದ ತುತ್ತಾಗಿತ್ತು, ನುಂಗಿದರು. ಪಾಸ್ಖ ಹಬ್ಬ ಮುಗಿದ ಮೇಲೆ ಒಂದು ಸಂಜೆ ಹೋಗಿದ್ದೆ. ಅಜ್ಜಿ ತಮ್ಮ ಬಿಪಿ ಮಾತ್ರೆಯ ಜೊತೆಗೆ ಅವನ ಮಾತ್ರೆಯನ್ನೂ ಒಂದೇ ಡಬ್ಬಿಯ ಬೇರೆ ಬೇರೆ ಅಂಕಣಗಳಲ್ಲಿ ಇಟ್ಟುಕೊಂಡು ರಾತ್ರಿ ಊಟವಾದ ಮೇಲೆ ತಾವೇ ಕೊಡುತ್ತಾರಂತೆ. ಏಳು ಗಂಟೆಗೆ ಅವರು ಕೋಣೆಯ ಹೊರಗೆ ಚಾಪೆ ಹಾಸಿ ಜಪಸರಕ್ಕೆ ಕುಳಿತರು. ಹುಡುಗ ಬಂದು ಸೇರಲಿಲ್ಲ. "ಬಾ ಅಂತ ನಾನು ಕರೆಯಲ್ಲ ಸ್ವಾಮಿ, ನೀವೇ ಹೇಳಿದ್ರಲ್ಲ" ಎಂದರು ಅಜ್ಜಿ. ಕೋಣೆಯ ಬಾಗಿಲು ಒಂದು ಗೇಣು ತೆರೆದಿತ್ತು. ನಾನೂ ಚಾಪೆಯ ತುದಿಯಲ್ಲಿ ಕುಳಿತೆ. ಮೂರನೆಯ ರಹಸ್ಯಕ್ಕೆ ಬಂದಾಗ ಒಳಗಿನಿಂದ, "ಅಜ್ಜೀ, ಸ್ವಲ್ಪ ಜೋರಾಗಿ ಹೇಳಿ, ಕೇಳಿಸ್ತಿಲ್ಲ" ಎಂದ.